ಲಟ್ಟಣಿಗೆಯ ಕೆಂಪು ತುದಿ

ಅನಘಾ, ಸುಮಂತಾ, ಮೊನ್ನೆ ಚಪಾತಿ ಲಟ್ಟಿಸಲು ಕುಳಿತಾಗ ನೀವು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ.

"ಅಜ್ಜಿ, ಲಟ್ಟಣಿಗೆ ತುದಿ ಎಂತಕ್ಕೆ ಕೆಂಪಾಯ್ದು?" ಎಂದು ಅನಘಾ ಕೇಳಿದಳು. ಎಲ್ಲೋ ನೆಲಕ್ಕೆ ತಾಗಿರಬೇಕು ಎಂದೆ. ಸುಮಂತ ಅಷ್ಟಕ್ಕೆ ಬಿಡುವವನಲ್ಲ. "ಕಿರವತ್ತಿಯಿಂದ ಬಪ್ಪದ್ರೊಳಗೆ ಟೈಲ್ಸ್ ಆಗಿರ್ತು ಹೇಳಿದಿದ್ದ ಅಪ್ಪ. ನೆಲ ಹಂಗೇ ಇದ್ದಲಾ?" ಎಂದ. "ಸರಿ ಆತಲ, ಬಿಡು" ಎಂದು ನಾನು ಹಿಟ್ಟಿನ ಉಂಡೆ ಕಟ್ಟತೊಡಗಿದೆ. ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ಅಜ್ಜಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನಿಮಗೆ ಗೊತ್ತಾಯಿತು. ಮುಚ್ಚಿಡುವುದೇನೂ ಇರಲಿಲ್ಲ. ಆ ಕಥೆಯೊಳಗೆ ಒಂದು ಶಬ್ದವಿದೆ, ಅದನ್ನು ಬಾಯಿಬಿಟ್ಟು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ನಿಮ್ಮೆದುರು ಅದನ್ನು ಹೇಳಲು ನನಗೆ ನಾಚಿಕೆ. ಕಾಗದ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಾನಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ನಡುಮನೆಯ ನೆಲವನ್ನು ನೀವು ನೋಡಿಯೇ ಇಲ್ಲ ಎನ್ನಬೇಕು. ಅದರ ಮೇಲೆ ಅಂಬೆಗಾಲಿಟ್ಟು ಬೆಳೆದವರು ಅದನ್ನೇಕೆ ನೋಡುತ್ತೀರಿ? ಕಾವಿ ಸೇರಿಸಿದ ಸಿಮೆಂಟಿನ ಕೆಂಪು ನೆಲ. ಹಗಲು ಕಿಟಕಿಯ ಸರಳುಗಳು ಅದರೊಳಗೆ ಕಾಣುತ್ತವೆ. ನಾನು ಹುಟ್ಟಿದ ವಾನಳ್ಳಿಯ ಮನೆಯಲ್ಲಿ ಇದ್ದದ್ದು ಮಣ್ಣಿನ ನೆಲ. ಹಬ್ಬದ ಹಿಂದಿನ ದಿನ ಆಯಿ, ಎಂದರೆ ನನ್ನ ತಾಯಿ, ಟಾರ್ಚಿನ ಹಳೆಯ ಬ್ಯಾಟರಿ ಒಡೆದು ಒಳಗಿನ ಕಪ್ಪು ಪುಡಿಯನ್ನು ಸಗಣಿಯಲ್ಲಿ ಕಲಸಿ ಸಾರಿಸುತ್ತಿದ್ದಳು. ನೆಲ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗೆ ಮಿರುಗುತ್ತಿತ್ತು. ಬ್ಯಾಟರಿ ಒಡೆಯುವ ಕೆಲಸ ನನ್ನದು. ಎರಡು ದಿನ ಕೈ ಕಪ್ಪಾಗಿರುತ್ತಿತ್ತು, ಶಾಲೆಯಲ್ಲಿ ಅಂಗೈ ಮುಚ್ಚಿಕೊಂಡೇ ಕೂರುತ್ತಿದ್ದೆ. ಅಂಥ ನೆಲದಿಂದ ಬಂದವಳಿಗೆ ಈ ಕೆಂಪು ನೆಲವನ್ನು ಮೊದಲ ಸಲ ನೋಡಿದಾಗ ಕಾಲಿಡಲು ಭಯವಾಯಿತು. ನೀರಿನ ಮೇಲೆ ಕಾಲಿಟ್ಟ ಹಾಗೆ.

ಆ ದಿನ ಚೆನ್ನಾಗಿ ನೆನಪಿದೆ. ನಿಮ್ಮ ಅಪ್ಪ ಶ್ರೀಕಾಂತ ನನ್ನ ಮಡಿಲಲ್ಲಿದ್ದ. ಬಾಣಂತನ ಮುಗಿಸಿ ವಾನಳ್ಳಿಯಿಂದ ಶಿರಸಿಯ ಈ ಮನೆಗೆ ಬಂದಿದ್ದೆ. ನಾನು ಹೆರಿಗೆಗೆ ಹೋಗುವಾಗ ಹೊಂಡ ಬಿದ್ದು ಹುಡಿ ಏಳುತ್ತಿದ್ದ ನೆಲ, ಬರುವಾಗ ಹೀಗೆ ಕೆಂಪಾಗಿ ಹೊಳೆಯುತ್ತಿತ್ತು. ನಿಮ್ಮ ಅಜ್ಜ ಬಾಗಿಲ ಬಳಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಮಗುವನ್ನು ಮುಂದೆ ಚಾಚಿದೆ. ಎತ್ತಿಕೊಳ್ಳಲಿಲ್ಲ. "ನಿಧಾನ, ಜಾರ್ತು" ಎಂದಷ್ಟೇ ಹೇಳಿದರು. ಮೊದಲ ಮಗುವನ್ನು ಕೈಗೆ ತೆಗೆದುಕೊಳ್ಳದ ತಂದೆ. ನಾನು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಎತ್ತಿಕೊಂಡರು, ಆಮೇಲೆ ಕೆಳಗೇ ಇಳಿಸಲಿಲ್ಲ, ಅದು ಬೇರೆ ಮಾತು. ಆದರೆ ಆ ಕೈಕಟ್ಟಿದ ನಿಲುವು ಕಾಲಿಗೆ ಹೊಕ್ಕ ಸಣ್ಣ ಮುಳ್ಳಿನ ಹಾಗೆ ನನ್ನೊಳಗೆ ಉಳಿದುಬಿಟ್ಟಿತು. ನೋಯುವುದಿಲ್ಲ, ಇದೆಯೆಂದು ಮಾತ್ರ ಗೊತ್ತಾಗುತ್ತದೆ.

ಈ ಬೇಸಿಗೆಯಲ್ಲಿ ಆ ನೆಲಕ್ಕೆ ರೋಗ ಬಂತು. ಅಡುಗೆಮನೆಯ ಬಾಗಿಲಿನ ಹತ್ತಿರ ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಒಂದು ಬೆಳಿಗ್ಗೆ ರೊಟ್ಟಿಯಷ್ಟು ಅಗಲದ ಚಕ್ಕೆ ಮೇಲೆದ್ದಿತು. ಕಾಲಿಟ್ಟರೆ ಬೊಳ್ ಎಂದು ಸದ್ದು, ಕೆಳಗೆ ಪೊಳ್ಳು. ನಿಮ್ಮ ಅಪ್ಪ ಊರಿನವರ ಫೋನುಗಳನ್ನೆಲ್ಲ ಬಿಚ್ಚಿ ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ರಿಪೇರಿ ಮಾಡುವವನು. ಅವನ ಅಂಗಡಿಯ ಮೇಜಿನ ಮೇಲೆ ಎಂಥ ಸತ್ತ ಫೋನೂ ಸಂಜೆಯೊಳಗೆ ಎದ್ದು ಮಾತಾಡುತ್ತದೆ. ಮನೆಯ ರಿಪೇರಿ ಎಂದರೆ ಮಾತ್ರ ಅವನಿಗೆ ತಲೆಬಿಸಿ. ಬಚ್ಚಲಿನ ನಲ್ಲಿ ಒಂದು ತಿಂಗಳು ಸೋರಿದ್ದು, ಅದಕ್ಕೆ ಬಟ್ಟೆ ಕಟ್ಟಿದ್ದು, ಬಟ್ಟೆಯೂ ಸೋರಿದ್ದು ನಿಮಗೆ ನೆನಪಿರಬೇಕು.

ರಿಪೇರಿಯವರನ್ನು ಕರೆಸುವುದು ಮೊದಲೂ ಕಷ್ಟವೇ ಆಗಿತ್ತು. ನಿಮ್ಮ ಅಜ್ಜ ಮೂರು ಸಲ ಸೈಕಲ್ ಹೊಡೆದುಕೊಂಡು ಹೋದರೆ ನಾಲ್ಕನೆಯ ಸಲ ಮನುಷ್ಯ ಸಿಗುತ್ತಿದ್ದ. ಸಿಕ್ಕ ಮೇಲೆ ತಲೆ ತಗ್ಗಿಸಿ ಬರುತ್ತಿದ್ದ. ಈಗ ಹಾಗಲ್ಲ, ಫೋನಿದೆ. ಮನುಷ್ಯ ಕೂಡಲೇ ಸಿಗುತ್ತಾನೆ, ಬರುವುದಿಲ್ಲ. ಟೈಲ್ಸ್ ಹಾಕುವವನಿಗೆ ನಿಮ್ಮ ಅಪ್ಪ ಸ್ಪೀಕರ್ ಇಟ್ಟು ಫೋನು ಮಾಡುತ್ತಿದ್ದ. "ಹೊರಟಾತು ಸಾರ್, ದಾರಿ ಮೇಲೇ ಅದೇನೆ" ಎನ್ನುತ್ತಿದ್ದ ಅವನು. ಹಿಂದಿನಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. ಒಬ್ಬ ಹೆಂಗಸು ಚಹಾ ಆರಿಹೋಯಿತೆಂದು ಗದರುವುದೂ ಕೇಳುತ್ತಿತ್ತು.

ನಿಮ್ಮ ಅಮ್ಮ ಸುಧಾ ಸೊಪ್ಪು ಸೋಸುತ್ತ ಕೂತಲ್ಲಿಂದಲೇ, "ದಾರ್ಯಾಗ ಕುಕ್ಕರ್ ಕೂಗ್ತದೇನ್ರಿ?" ಎಂದಳು.

"ನೀ ಸುಮ್ನಿರೆ. ಸೋಮವಾರ ಬತ್ನಡ, ಗ್ಯಾರಂಟಿ" ಎಂದ ನಿಮ್ಮ ಅಪ್ಪ. ಮತ್ತೆ ನನ್ನ ಕಡೆ ತಿರುಗಿ, "ಆಯಿ, ನಡುಮನೆ ಸಾಮಾನೆಲ್ಲ ತೆಗೆದು ಇಡವು. ಮಷಿನ್ ತಂದು ಒಡಿತ" ಎಂದ.

"ಪೂರಾ ಒಡೆಯವನಾ?"

"ಮತ್ತೆಂತ. ಒಂದ್ಕಡೆ ಪೊಳ್ಳು ಬಂದ್ರೆ ಎಲ್ಲಾ ಕಡೆನೂ ಪೊಳ್ಳೇಯ. ಹಳೇ ನೆಲ, ಸಾಕು."

"ಈ ನೆಲ ಹಾಕಿದ ಹುಲಗೋಳದ ಗೌಂಡಿ ಹತ್ರ ಒಂದ್ಸಲ ಕೇಳಿದ್ರೆ?"

"ಅಂವ ಕೆಲಸ ಬಿಟ್ಟು ಯಾವ ಕಾಲ ಆತು. ಮುದುಕ ಆಯ್ದ."

ಸುಧಾ ನನ್ನ ಮುಖ ನೋಡಿ, "ಅತ್ತೆ, ಮನಸ್ಸಿನಾಗ ಇದ್ದದ್ದು ನೀವ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ ಅವ್ರು" ಎಂದಳು. ಹೇಳುವುದೇನು? ಈ ನೆಲ ಒಡೆಯಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಶುಕ್ರವಾರ ಶುಕ್ರವಾರ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿದ ನೆಲ, ಕತ್ತಲೆಯಲ್ಲೂ ಕಾಲಿಗೆ ಪರಿಚಯವಿರುವ ನೆಲ, ಅಷ್ಟೆ. ಮಾರನೆಯ ದಿನ ಸುಧಾ ನಿಮ್ಮನ್ನು ಕರೆದುಕೊಂಡು ಕಿರವತ್ತಿಯ ತವರಿಗೆ ಹೋದಳು. ಹುಡಿಯಲ್ಲಿ ಮಕ್ಕಳಿರುವುದು ಬೇಡ ಎಂದು ನಿಮ್ಮ ಅಪ್ಪನೇ ಬಸ್ಸು ಹತ್ತಿಸಿದ. ಶನಿವಾರ ಮಧ್ಯಾಹ್ನ ಅವನು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ, ಸೋಮವಾರಕ್ಕೆ ಒಂದೂವರೆ ದಿನ.

ಗೌಂಡಿಯವರಿಗೆ ನಾನೇ ಫೋನು ಮಾಡಬೇಕೆಂದು ತೀರ್ಮಾನಿಸಿದೆ. ನಿಮಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಕ್ಕಿಲ್ಲ. ನನ್ನ ಫೋನಿನ ಶೂರತನ ನಿಮಗೆ ಗೊತ್ತೇ ಇದೆ. ಮೊದಮೊದಲು ಆ ಕಡೆಯವರು ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆ ಆಡಿಸುತ್ತಿದ್ದೆ. ಅವರು ಹಲೋ ಹಲೋ ಎನ್ನುತ್ತಿದ್ದರು, ನಾನು ಇನ್ನಷ್ಟು ಜೋರಾಗಿ ತಲೆ ಆಡಿಸುತ್ತಿದ್ದೆ. ಹಿರಿಯರ ಫೋನು ಬಂದರೆ ಈಗಲೂ ಎದ್ದು ನಿಲ್ಲುತ್ತೇನೆ. ದೊಡ್ಡ ಭಾವ ಯಲ್ಲಾಪುರದಿಂದ ವಿಡಿಯೋ ಮಾಡಿದಾಗ ನಾನು ನಿಂತು ಮಾತಾಡಿ, ಅವರಿಗೆ ಅರ್ಧ ಗಂಟೆ ನನ್ನ ಗಲ್ಲ ಮಾತ್ರ ಕಂಡದ್ದು ಹೇಳಿ ನೀವು ನಕ್ಕಿದ್ದೀರಿ.

ನನ್ನ ಹತ್ತಿರ ಇರುವುದು ನಿಮ್ಮ ಅಜ್ಜನದೇ ಫೋನು, ಅವರದೇ ನಂಬರು. ಅವರು ಹೋದ ಮೇಲೆ ನಿಮ್ಮ ಅಪ್ಪ ನನಗೆ ಕೊಟ್ಟ. ಗೌಂಡಿಯವರ ನಂಬರು ಅದರೊಳಗೆ ಇದೆಯೆಂದು ನನಗೆ ಗೊತ್ತಿತ್ತು. ಆದರೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ, ಓದಲು ಬಾರದು. ಅದಕ್ಕೇ ಅಲ್ಲವೇ ಅನಘಾ ನನಗೆ ಆ ಉಪಾಯ ಕಲಿಸಿದ್ದು. "ಇಲ್ಲಿ ಒತ್ತಿ ಹಿಡಿದು, ಇಂಥವಕ್ಕೆ ಫೋನ್ ಮಾಡು ಹೇಳಿದ್ರೆ ಸಾಕು ಅಜ್ಜಿ. ಅದು ತಾನೇ ಹುಡ್ಕ್ತು" ಎಂದಿದ್ದಳು. ಹಾಗೆ ಹೇಳಿ ವಾನಳ್ಳಿಯ ತಂಗಿಯ ಹತ್ತಿರ ಎಷ್ಟೋ ಸಲ ಮಾತಾಡಿದ್ದೇನೆ. ಹೆಸರು ಹೇಳುವುದು, ಮನುಷ್ಯರು ಸಿಗುವುದು. ನನ್ನ ಆಯಿ ಬದುಕಿದ್ದರೆ ಇದನ್ನು ಮಂತ್ರ ಎನ್ನುತ್ತಿದ್ದಳು.

ಆದರೆ ಗೌಂಡಿಯವರ ಹೆಸರು ಹೇಗೆ ಹೇಳಲಿ? ಅವರ ಹೆಸರೂ ನಿಮ್ಮ ಅಜ್ಜನ ಹೆಸರೂ ಒಂದೇ.

ನಗಬೇಡಿ. ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯ ಮುಂಚಿನ ದಿನ ಆಯಿ ನನ್ನ ತಲೆಗೆ ಎಣ್ಣೆ ಹಾಕುತ್ತ ಹೇಳಿದ್ದಳು. ಆಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದಿಲ್ಲ. ಅವರನ್ನು ಕರೆಯಬೇಕಾದರೆ ಬಾಗಿಲಿನ ಚಿಲಕ ಅಲ್ಲಾಡಿಸುತ್ತಿದ್ದೆ. ಶ್ರೀಕಾಂತನನ್ನು ಶಾಲೆಗೆ ಹಾಕಲು ಹೋದಾಗ ಮಾಸ್ತರರು ತಂದೆಯ ಹೆಸರು ಕೇಳಿದರು. ನಾನು ಗೋಡೆಯ ಮೇಲಿನ ನಕ್ಷೆ ನೋಡುತ್ತ ನಿಂತೆ. ಕೊನೆಗೆ ಆರು ವರ್ಷದ ನಿಮ್ಮ ಅಪ್ಪನೇ ಗಟ್ಟಿಯಾಗಿ ಹೇಳಿ ನನ್ನನ್ನು ಪಾರು ಮಾಡಿದ. ರೇಷನ್ ಕಾರ್ಡಿನ ಕಚೇರಿಗೆ ಪಕ್ಕದ ಮನೆಯ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಹೆಸರು ಹೇಳಿಸಲಿಕ್ಕೆ. ದೇವರದೇ ಹೆಸರಾದ್ದರಿಂದ ಭಜನೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅದು ಬಂದಾಗಲೆಲ್ಲ ಬಾಯಿ ಮುಚ್ಚಿ ತಾಳ ಮಾತ್ರ ಹಾಕುತ್ತಿದ್ದೆ. ನನ್ನ ಪಾಲಿನ ಭಜನೆಯ ತುಂಬ ತೂತುಗಳು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ನಿಮ್ಮ ಅಜ್ಜ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು. ಆಗ ಅಚ್ಚಿನ ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳ ಮದುವೆ ಕಾಗದದ ಹೆಸರುಗಳೆಲ್ಲ ಅವರ ಬೆರಳುಗಳಿಂದ ಹಾದುಹೋದವು. ಊರಿನವರ ಹೆಸರು ದಿನವಿಡೀ ಜೋಡಿಸಿ ಮನೆಗೆ ಬಂದರೆ, ಅವರ ಹೆಸರನ್ನು ಹೇಳದ ಹೆಂಡತಿ.

ಫೋನನ್ನು ಒತ್ತಿ ಹಿಡಿದೆ. "ಗೌಂಡಿಗೆ ಫೋನ್ ಮಾಡು" ಎಂದೆ. ನಿಮ್ಮ ಹತ್ತಿರದ ಗೌಂಡಿಗಳು ಎಂದು ಯಾರು ಯಾರನ್ನೋ ತೋರಿಸಿತು, ಒಬ್ಬ ದಾವಣಗೆರೆಯವನೂ ಇದ್ದ. "ಹುಲಗೋಳಕ್ಕೆ ಫೋನ್ ಮಾಡು" ಎಂದೆ. ಹುಲಗೋಳದ ದಾರಿಯನ್ನು ನೀಲಿ ಗೆರೆಯಲ್ಲಿ ಬಿಡಿಸಿ ತೋರಿಸಿತು. ಜಾಣತನದಲ್ಲಿ ಗೌಂಡಿಯವರ ಅಡ್ಡಹೆಸರು ಹಿಡಿದು "ನಾಯ್ಕರಿಗೆ" ಎಂದೆ. ನಿಮ್ಮ ಅಜ್ಜನಿಗೆ ಪರಿಚಯದ ನಾಯ್ಕರೆಲ್ಲ, ಪಂಕ್ತಿಗೆ ಕೂತ ಹಾಗೆ, ಸಾಲಾಗಿ ಬಂದರು. ಎಲ್ಲರೂ ಇಂಗ್ಲಿಷಿನಲ್ಲಿ.

ಫೋನನ್ನು ನೆಲದ ಮೇಲಿಟ್ಟು ಕೂತೆ. ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಯಿ ಹೇಳಿದ್ದಳು. ಕಡಿಮೆಯಾಗಲು ಈಗ ಏನು ಉಳಿದಿದೆ? ಅವರು ಹೋಗಿ ಮೂರು ವರ್ಷವಾಯಿತು. ಆದರೂ ನಾಲಿಗೆ ಏಳಲಿಲ್ಲ. ಎದ್ದುಹೋಗಿ ಹಿತ್ತಿಲ ಬಾಗಿಲು ಮುಚ್ಚಿದೆ. ಮುಂದಿನ ಬಾಗಿಲನ್ನೂ ಮುಚ್ಚಿದೆ. ನೀರು ಕುಡಿದೆ. ದೇವರ ಮುಂದೆ ಹೋಗಿ ನಿಂತೆ, ಅಲ್ಲಿ ಹೇಳುವುದು ಇನ್ನೂ ಕಷ್ಟವೆನಿಸಿ ತಿರುಗಿ ಬಂದೆ. ಬಂದು, ಫೋನಿಗೆ ಬಾಯಿ ತಾಗಿಸಿ, ಹೇಳಿದೆ.

ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನಗೇ ಕೇಳಿಸಲಿಲ್ಲ. ಅದಕ್ಕೆ ಕೇಳಿಸಿತು. ಅದರೊಳಗಿನ ಹೆಂಗಸು ಯಾವ ಸಂಕೋಚವೂ ಇಲ್ಲದೆ, ಸಂತೆಯಲ್ಲಿ ತರಕಾರಿಯ ಹೆಸರು ಹೇಳಿದ ಹಾಗೆ, ಆ ಹೆಸರನ್ನು ನನಗೇ ತಿರುಗಿ ಹೇಳಿ, ಎರಡು ಇವೆ, ಯಾವುದು ಎಂದು ಕೇಳಿದಳು. ಹೊರಗೆ ಓಣಿಯಲ್ಲಿ ಒಂದು ರಿಕ್ಷಾ ಹೋಯಿತು. ಏನೂ ಆಗಲಿಲ್ಲ. ಇಷ್ಟು ವರ್ಷ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದನ್ನು ಕೆಳಗಿಟ್ಟರೆ ಅದು ಒಡೆಯಲೇ ಇಲ್ಲ.

ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಸಾಲು ಇದ್ದವು, ಎರಡರ ಆರಂಭವೂ ಒಂದೇ ತರಹ. ಮೇಲಿನದನ್ನು ಮುಟ್ಟಿದೆ. ಫೋನು ಕಿವಿಗಿಟ್ಟೆ. ನೀವು ಕರೆ ಮಾಡಿದವರು ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಮುಟ್ಟಿದೆ. ಮತ್ತೆ ಅದೇ. ಮೂರನೆಯ ಸಲ, ಸಂಖ್ಯೆಯ ಕೊನೆಯ ಅಂಕಿಗಳ ಮೇಲೆ ಕಣ್ಣು ಬಿತ್ತು. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ. ಅದು ನನ್ನದೇ ನಂಬರು. ಎಂದರೆ ನಿಮ್ಮ ಅಜ್ಜನದು. ಮರೆತುಹೋದೀತೆಂದು ತಮ್ಮ ನಂಬರನ್ನು ತಮ್ಮ ಹೆಸರಿನಲ್ಲೇ ಬರೆಸಿಟ್ಟುಕೊಂಡಿದ್ದರು. ನಾನು ಅವರ ಹೆಸರು ಹೇಳಿ ಅವರಿಗೇ ಫೋನು ಮಾಡಿದ್ದೆ.

ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ನಿಂತಿದ್ದೆ, ಸೆರಗು ಸರಿಮಾಡಿಕೊಂಡಿದ್ದೆ. ಒಂದೇ ನಂಬರಿನಿಂದ ಅದೇ ನಂಬರಿಗೆ ಮಾಡಿದರೆ ಹಾಗೆಯೇ ಬರುತ್ತದೆ ಎಂದು ನಿಮ್ಮ ಅಪ್ಪ ಆಮೇಲೆ ತಿಳಿಸಿ ಹೇಳಿದ. ಇರಬಹುದು. ಇಲ್ಲ ಎನ್ನಲಿಲ್ಲ ಆ ಫೋನು, ಹೋಗಿದ್ದಾರೆ ಎನ್ನಲಿಲ್ಲ. ಯಾರ ಹತ್ತಿರವೋ ಮಾತಾಡುತ್ತಿದ್ದಾರೆ ಎಂದಿತು. ಮನೆಯಲ್ಲಿ ನನ್ನ ಹತ್ತಿರ ಅಷ್ಟು ಕಡಿಮೆ ಮಾತಾಡಿದ ಮನುಷ್ಯ.

ಕೆಳಗಿನ ಸಾಲನ್ನು ಮುಟ್ಟಿದೆ. ಹುಲಗೋಳದಲ್ಲಿ ಗೌಂಡಿಯವರೇ ಎತ್ತಿದರು.

"ಯಾರು?"

"ನಾನು. ಶಿರಸಿಯಿಂದ. ಪ್ರೆಸ್ಸಿನವರ ಮನೆ."

"ಓ, ಪ್ರೆಸ್ಸಿನ ಅಮ್ಮ. ನಿಮ್ಮ ಧ್ವನಿ ಕೇಳಿದ್ದೇ ಇಲ್ಲ ನೋಡಿ ನಾನು. ನಿಮ್ಮನೇಲಿ ಇಪ್ಪತ್ತು ದಿವಸ ಗೇಯ್ದೇನೆ, ಆಮೇಲೂ ಎಷ್ಟು ಸಲ ಬಂದೇನೆ, ಚಾ ಬರ್ತಿತ್ತು, ಧ್ವನಿ ಬರ್ತಿರ್ಲಿಲ್ಲ." ನಕ್ಕರು. "ಹೇಳಿ ಅಮ್ಮ, ಎಂತ ಆತು?"

ನೆಲದ ಸಂಗತಿ ಹೇಳಿದೆ. ಸೋಮವಾರದ ಮಷಿನ್ನಿನ ಸಂಗತಿಯನ್ನೂ ಹೇಳಿದೆ. ಒಮ್ಮೆ ಬಂದು ನೋಡಿ ಹೋಗಲು ಆಗುತ್ತದೆಯೇ ಎಂದು ಕೇಳಿದೆ.

"ಬರೂಕೆ ಆಗೂದಿಲ್ಲ ಅಮ್ಮ. ಮೊಣಕಾಲು ಎರಡೂ ಕೂತುಬಿಟ್ಟಾವೆ. ಬಂದ್ರೂ ನೋಡೂಕೆ ಆಗೂದಿಲ್ಲ, ಕಣ್ಣಿಗೆ ಮಂಜು ಹೊಡೆದ ಹಾಗೆ ಆಗ್ಯದೆ. ಕಿವಿ ಒಂದು ಅದೆ." ಆಮೇಲೆ ಕೇಳಿದರು, "ಅಲ್ಲೇ ಇದ್ದೀರಾ, ನೆಲದ ಹತ್ರ?"

"ಇದ್ದೇನೆ."

"ಮನೇಲಿ ಲಟ್ಟಣಿಗೆ ಉಂಟಾ?"

ಅಡುಗೆಮನೆಯಿಂದ ತಂದುಕೊಂಡೆ. ಫೋನಿನಲ್ಲಿ ಸ್ಪೀಕರಿನ ಗುರುತು ಒತ್ತಿ ನೆಲಕ್ಕೆ ತಾಗಿಸಿ ಇಡಲು ಹೇಳಿದರು. ದೇವರ ಕೋಣೆಯ ಬಾಗಿಲಿನಿಂದ ಶುರುಮಾಡಿ, ಗೇಣಿಗೊಂದು ಸಲ ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ಕುಟ್ಟುತ್ತ ಬರಬೇಕು, ಫೋನನ್ನೂ ಸರಿಸುತ್ತ ಬರಬೇಕು. ಮಂಡಿ ಊರಿ ಕೂತೆ. ಟಕ್. "ಗಟ್ಟಿ ಅದೆ. ಮುಂದೆ." ಟಕ್. "ಮುಂದೆ." ಟಕ್. "ಅಲ್ಲಿ ಮೇಲೆ ಚಾಪೆ ಅದೆ, ತೆಗೀರಿ." ಚಾಪೆ ಹಾಸಿಯೇ ಇತ್ತು. ನಾನು ಕೈ ತಡೆದು ಫೋನಿನ ಕಡೆ ನೋಡಿದೆ. ಹತ್ತು ಹನ್ನೆರಡು ಮೈಲಿಯಾಚೆ ಕಣ್ಣು ಕಾಣದೆ ಕೂತವರು ನನ್ನ ನೆಲದ ಮೇಲಿನ ಚಾಪೆ ಕಂಡರು.

ಅರ್ಧ ಕೋಣೆ ದಾಟಿದೆವು. ಅಡುಗೆಮನೆಯ ಬಾಗಿಲು ಹತ್ತಿರವಾಯಿತು. ನನ್ನ ಕಿವಿಗೆ ಎಲ್ಲವೂ ಒಂದೇ ಟಕ್. "ನಿಲ್ಲಿ" ಎಂದರು ಗೌಂಡಿಯವರು. "ಇನ್ನೊಂದ್ಸಲ. ಹ್ಞಾ. ಇಲ್ಲಿಂದ ಪೊಳ್ಳು. ರಂಗೋಲಿ ತಂದು ಗುರುತು ಹಾಕ್ತಾ ಬನ್ನಿ." ಅವರು ಹೇಳಿದಲ್ಲಿ ಚುಕ್ಕೆ ಇಟ್ಟೆ. ಎಡಕ್ಕೆ, ಬಲಕ್ಕೆ, ಮತ್ತೆ ಹಿಂದಕ್ಕೆ. ಕೊನೆಗೆ ಚುಕ್ಕೆಗಳನ್ನು ಸೇರಿಸಿದಾಗ ಮೊರದಷ್ಟು ದೊಡ್ಡದೊಂದು ದುಂಡನೆಯ ವೃತ್ತವಾಯಿತು. ಕೈಯಲ್ಲಿ ಬಿಡಿಸಿದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಇಷ್ಟೇಯ ಅಮ್ಮ. ಉಳಿದದ್ದು ಬಂಡೆ. ಅದನ್ನ ಒಡೆಯೂಕೆ ಹೋದ್ರೆ ಅವ್ರ ಮಷಿನ್ನೇ ಹೋಗ್ತದೆ." ಆಮೇಲೆ ಮೆಲ್ಲಗೆ ಕೇಳಿದರು, "ಗುಂಡಗೆ ಬಂತಾ ಗುರುತು?"

"ಗುಂಡಗೇ ಬಂದಿದೆ."

"ಬರ್ಲೇಬೇಕು. ಅದು ಒರಳಿನ ಗುಂಡಿ. ಹಳೇ ಕಾಲದ ಒರಳುಕಲ್ಲು ನೆಲದಲ್ಲಿ ಹುಗಿದಿದ್ರು ಅಲ್ಲಿ. ಕಿತ್ತು ಮಣ್ಣು ತುಂಬಿದ್ವಿ. 'ಎಂಟು ದಿವಸ ನೀರು ಹಾಕಿ ಕುಟ್ಬೇಕು, ಇಲ್ದಿದ್ರೆ ಮುಂದೊಂದು ದಿನ ಕೂರ್ತದೆ' ಅಂದೆ. ನಿಮ್ಮವರು ಕೇಳ್ಲಿಲ್ಲ. 'ಬಾಣಂತಿ ಬರುವ ದಿನ ಗೊತ್ತಾಗಿದೆ, ಮಗು ಈ ಹುಡಿಯಲ್ಲಿ ಮಲಗುವುದು ಬೇಡ, ಅಷ್ಟರೊಳಗೆ ನೆಲ ಆಗಲೇಬೇಕು' ಅಂದ್ರು. ಎರಡೇ ದಿವಸ ಕುಟ್ಟಿದ್ದು. ಅದು ನನ್ನ ಕೆಲಸದ ತಪ್ಪಲ್ಲ ಅಮ್ಮ, ಅವ್ರ ಅವಸರದ್ದು."

ನಾನು ತಲೆ ಆಡಿಸಿದೆನೋ ಏನೋ.

"ತಿಕ್ಕಿದ್ದೂ ಅವ್ರೇಯ, ಗೊತ್ತಿರ್ಬೇಕಲ್ಲ ನಿಮಗೆ. ಆಳು ಹಾಕುವ ಅಂದೆ, ಬೇಡ ಅಂದ್ರು. ದಿನಾ ಸಂಜೆ ಪ್ರೆಸ್ಸಿಂದ ಬಂದು, ಕೈಮಸಿ ತೊಳೆದು, ನುಣುಪು ಕಲ್ಲು ಹಿಡಿದು ಮಂಡಿ ಊರಿ ಕೂರ್ತಿದ್ರು. ಮೊಳೆ ಜೋಡಿಸುವ ಕೈ, ಕಲ್ಲು ಹಿಡಿದು ಎಲ್ಲಿ ಗೊತ್ತು? ಎರಡೂ ಅಂಗೈ ಬೊಬ್ಬೆ ಬಂದು ಒಡೆದುಹೋಗಿತ್ತು. ಕಡೇ ದಿವಸ ನಾನು ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಕಳಿಸಿದ್ದೆ."

ಅನಘಾ, ಸುಮಂತಾ, ನಾನು ಲಟ್ಟಣಿಗೆ ಕೆಳಗಿಟ್ಟೆ. ಹಿಂದೆ ಕಟ್ಟಿಕೊಂಡಿದ್ದ ಆ ಕೈಗಳು. ಮಗುವನ್ನು ಮುಟ್ಟದ ಕೈಗಳು. ಮುಂದೆ ಚಾಚಿದ್ದರೆ ಬಟ್ಟೆ ಕಾಣುತ್ತಿತ್ತು, ನಾನು ಕೇಳುತ್ತಿದ್ದೆ, ಅವರು ಹೇಳಬೇಕಾಗುತ್ತಿತ್ತು. ನನ್ನಷ್ಟೇ ನಾಚಿಕೆಯ ಮನುಷ್ಯ ಅವರೆಂದು ನನಗೆ ಯಾಕೆ ಹೊಳೆಯಲಿಲ್ಲ? ಒಂದು ಕೋಣೆಯ ನೆಲವನ್ನಿಡೀ ಅಂಗೈಯಿಂದ ತಿಕ್ಕಿ ಹೊಳಪು ಮಾಡಿಟ್ಟು, ಜಾರುತ್ತದೆ ಎಂದಷ್ಟೇ ಹೇಳಿದರು. ನಾನು ಅದರ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಓಡಾಡಿದೆ. ಬಗ್ಗಿ ಅಂಗೈಯನ್ನು ನೆಲಕ್ಕೆ ಇಟ್ಟೆ. ತಣ್ಣಗಿತ್ತು.

"ಅಮ್ಮ, ಇದ್ದೀರಾ?" ಎಂದರು ಗೌಂಡಿಯವರು. "ಸೋಮವಾರ ಬೆಳಿಗ್ಗೆ ನನ್ನ ಮಗಳು ಸಾವಿತ್ರಿನ ಕಳಿಸ್ತೆ. ಅವಳ ಕೈ ನನ್ನ ಕೈಗಿಂತ ನುಣುಪು. ನಿಮ್ಮ ಮಗಂಗೆ ಮಾತ್ರ ನೀವೇ ಹೇಳ್ಬೇಕು."

ಸಂಜೆ ನಿಮ್ಮ ಅಪ್ಪ ಚಹಾಕ್ಕೆ ಬಂದವನು ರಂಗೋಲಿಯ ವೃತ್ತ ನೋಡಿ ನಿಂತ. "ಇದೆಂತ ಆಯಿ, ಯಾವ ಪೂಜೆ?"

"ಪೊಳ್ಳು ಇರದು ಇಷ್ಟೇಯ. ಉಳಿದದ್ದು ಗಟ್ಟಿ ಇದ್ದು. ನೆಲ ಒಡೆಯದು ಬೇಡ ತಮಾ." ಧ್ವನಿ ನನ್ನದೇ, ಆದರೂ ಹೊಸತಾಗಿ ಕೇಳಿಸಿತು.

"ಯಾರು ಹೇಳಿದ್ದು?"

"ಹುಲಗೋಳದ ಗೌಂಡಿ. ಫೋನಲ್ಲಿ ಸದ್ದು ಕೇಳಿ ಹೇಳ್ದ."

"ಅವನ ನಂಬರ್ ಹೆಂಗೆ ಸಿಕ್ತು ನಿಂಗೆ?"

ನಾನು ಚಹಾ ಸೋಸುತ್ತ ಅತ್ತ ತಿರುಗಿದೆ. "ಹೆಸರು ಹೇಳ್ದೆ."

ಆರು ವರ್ಷದವನಿದ್ದಾಗ ಮಾಸ್ತರರ ಮುಂದೆ ನನ್ನನ್ನು ಪಾರು ಮಾಡಿದವನು ಅವನು, ಅವನಿಗೆ ಗೊತ್ತು. ಅವಸರದ ಕಥೆಯನ್ನೂ ಬೊಬ್ಬೆಯ ಕಥೆಯನ್ನೂ ಹೇಳಿದೆ. ಅವನು ಲಟ್ಟಣಿಗೆ ತೆಗೆದುಕೊಂಡು ಮಂಡಿ ಊರಿ, ಕೋಣೆಯ ಮೂಲೆ ಮೂಲೆ ಕುಟ್ಟಿ ಕುಟ್ಟಿ ಕೇಳಿದ. ಚಹಾ ಆರಿತು. "ಯಂಗೆ ಎಲ್ಲಾ ಒಂದೇ ನಮೂನೆ ಕೇಳ್ತಪ" ಎಂದು ಎದ್ದು, ಟೈಲ್ಸಿನವನಿಗೆ ಫೋನು ಮಾಡಿ ಬರುವುದು ಬೇಡ ಎಂದ. ಅವನು ಆಗಲೂ ದಾರಿಯ ಮೇಲೇ ಇದ್ದ.

ಸೋಮವಾರ ಸಾವಿತ್ರಿ ಸ್ಕೂಟಿಯಲ್ಲಿ ಬಂದಳು. ಸೀರೆ ಎತ್ತಿ ಕಟ್ಟಿ, ವೃತ್ತದಷ್ಟು ಮಾತ್ರ ಉಳಿಯಲ್ಲಿ ಬಿಡಿಸಿ, ಗುಂಡಿಗೆ ಮಣ್ಣು ಹಾಕಿ ಕುಟ್ಟಿದಳು. ಎಂಟು ದಿನ ಬಂದು ಬಂದು ಕುಟ್ಟಿದಳು, ಎಂಟಕ್ಕೆ ಒಂದು ಕಡಿಮೆ ಮಾಡಲಿಲ್ಲ. ಕಾವಿ ಹಾಕುವ ದಿನ ಫೋನನ್ನು ಗೋಡೆಗೆ ಆನಿಸಿಟ್ಟು ಸ್ಪೀಕರ್ ಹಾಕಿದ್ದಳು. ಹುಲಗೋಳದಿಂದ ಅವಳ ತಂದೆ, "ಕರಣೆ ಜೋರಾಗಿ ಎಳೀತಾ ಇದ್ದಿ, ಸದ್ದು ಕೇಳ್ತದೆ ನಂಗೆ. ಹಗೂರ" ಎನ್ನುತ್ತಿದ್ದರು.

"ಅಪ್ಪಾ, ನೀ ಸುಮ್ನಿರ್ತ್ಯಾ, ಫೋನ್ ಇಡ್ಲಾ?"

"ಇಡ್ಬೇಡ, ಇಡ್ಬೇಡ."

ಒದ್ದೆ ಗೋಣಿಚೀಲದ ಕೆಳಗೆ ಆ ತೇಪೆ ಒಂದು ವಾರ ಮಲಗಿತ್ತು. ಕೊನೆಯ ತಿಕ್ಕುವ ಕೆಲಸ ನಾನು ಮಾಡುತ್ತೇನೆ ಎಂದೆ. ಸಾವಿತ್ರಿ ನಕ್ಕು ನುಣುಪು ಕಲ್ಲನ್ನು ನನ್ನ ಕೈಗೆ ಕೊಟ್ಟಳು. ದಿನಕ್ಕೆ ಸ್ವಲ್ಪ ಸ್ವಲ್ಪ ತಿಕ್ಕಿದೆ. ಮೂರನೆಯ ದಿನಕ್ಕೆ ಹೆಬ್ಬೆರಳಿನ ಬುಡದಲ್ಲಿ ಒಂದು ಬೊಬ್ಬೆ ಬಂತು. ಅದನ್ನು ಯಾರಿಗೂ ತೋರಿಸಲಿಲ್ಲ. ನೀವು ಕಿರವತ್ತಿಯಿಂದ ಬಂದ ದಿನ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತದ್ದು ನೀವು ಗಮನಿಸಿರಲಿಕ್ಕಿಲ್ಲ.

ಹೊಸ ಕೆಂಪು ಹಳೆಯ ಕೆಂಪಿಗೆ ಇನ್ನೂ ಸರಿಯಾಗಿ ಹೊಂದಿಲ್ಲ, ವೃತ್ತ ಗೊತ್ತಾಗುತ್ತದೆ. ಇರಲಿ, ಗೊತ್ತಾಗಲಿ. ಅಲ್ಲಿ ದಾಟುವಾಗ ನಾನು ಸುತ್ತುಹಾಕಿ ಹೋಗುವುದನ್ನು ನೋಡಿ ನೀವು ಅಜ್ಜಿಗೆ ಮರುಳು ಎನ್ನುತ್ತೀರಿ. ಸುಮಂತ ಅದರ ಮೇಲೇ ನಿಂತು ಹಾರುತ್ತಾನೆ. ಹಾರಲಿ. ಅದು ನಿಮ್ಮ ಅಪ್ಪನ ಸಲುವಾಗಿ ಅವಸರ ಮಾಡಿದ ಜಾಗ.

ಲಟ್ಟಣಿಗೆಯ ತುದಿಯನ್ನು ನಾನು ತಿಕ್ಕಿ ತೊಳೆದಿಲ್ಲ. ನೀವೂ ತೊಳೆಯಬೇಡಿ.

ಇನ್ನು ಆ ಶಬ್ದ. ಬಾಯಲ್ಲಿ ಹೇಳಿದ್ದು ಫೋನಿಗೆ ಒಂದು ಸಲ, ಮುಚ್ಚಿದ ಬಾಗಿಲುಗಳ ಒಳಗೆ. ಕೈಯಲ್ಲಿ ಬರೆದದ್ದು ಇಲ್ಲವೇ ಇಲ್ಲ. ಊರಿನವರ ಹೆಸರನ್ನೆಲ್ಲ ಒಂದೊಂದೇ ಅಕ್ಷರವಾಗಿ ಜೋಡಿಸಿದವರ ಹೆಸರನ್ನು ಒಂದು ಸಲವಾದರೂ ನಾನು ಜೋಡಿಸಬೇಕು.

ನಾರಾಯಣ.

ಇನ್ನೊಮ್ಮೆ ಬರೆಯುವ ಧೈರ್ಯ ನನಗೆ ಬರಲಿಕ್ಕಿಲ್ಲ. ಇರುವುದು ಇದೊಂದೇ. ಈ ಹಾಳೆಗಳು ಒದ್ದೆಯಾಗದ ಹಾಗೆ, ಗೆದ್ದಲು ಹಿಡಿಯದ ಹಾಗೆ, ನಿಮ್ಮಲ್ಲೇ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.